ಶಿವಾಜಿನಗರದ ರೂಮಿನಲ್ಲಿದ್ದವಳು

ಬಾಗಿಲಿಗೆ ಮತ್ತೊಂದು ಒದೆ ಬಿತ್ತು. ಚಿಲಕದ ಸ್ಕ್ರೂ ಕಿತ್ತು ನೆಲಕ್ಕೆ ಉರುಳಿತು.

ನಾನು ಮಂಚವನ್ನು ಎಳೆದು ಬಾಗಿಲಿಗೆ ಅಡ್ಡ ಹಾಕಿದೆ. ಲಾಡ್ಜಿನ ಹಗುರ ಮಂಚ... ಹೆಚ್ಚು ಹೊತ್ತು ತಡೆಯುವಂಥದ್ದಲ್ಲ.

“ಅಂಬಣ್ಣ, ಹಿಂದೆ ಬಾಲ್ಕನಿ ಇದ್ಯಾ?”

“ಅದ ರೀ. ಆದ್ರ ಇಳಿಯಾಕ ಮೆಟ್ಟಲಿಲ್ಲ.”

“ಪಕ್ಕದ ಬಿಲ್ಡಿಂಗು?”

“ಬಟ್ಟಿ ಗೋಡೌನು. ಹಾರಬೇಕಾಗ್ತದ.”

“ಹಾರು.”

ಅವನು ಚಪ್ಪಲಿ ಹುಡುಕುತ್ತಿದ್ದ. ಪ್ರಾಣ ಹೋಗುವ ಹೊತ್ತಿನಲ್ಲಿ ಮನುಷ್ಯ ಏನೇನು ಹುಡುಕುತ್ತಾನೆ ನೋಡಿ.

ನಾನು ಮಾರಿಯಾ. ಹಲಸೂರಿನವಳು. ಪ್ರೈವೇಟ್ ಡಿಟೆಕ್ಟಿವ್. ನನ್ನ ಹತ್ತಿರ ಬರುವ ಕೇಸುಗಳಲ್ಲಿ ಹೆಚ್ಚಿನವು ಗಂಡ ಹೆಂಡಿರವೇ. ಗಂಗಾ ಬಂದಾಗ ಇದೂ ಅಂಥದ್ದೇ ಎಂದುಕೊಂಡಿದ್ದೆ.

ಯಾದಗಿರಿ ಕಡೆಯ ಹೆಣ್ಣುಮಗಳು. ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ರೂಮು. ಗಂಡ ಅಂಬಣ್ಣ ದೊಡ್ಡನೆಕ್ಕುಂದಿಯ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯುರಿಟಿ ಗಾರ್ಡ್. ಒಂದು ದಿನ ಡ್ಯೂಟಿಗೆ ಹೋದವನು ತಿರುಗಿ ಬರಲಿಲ್ಲ. ಫೋನು ಬಂತು. “ನಾನು ಬ್ಯಾರೆಯಾಕಿ ಕೂಡ ಇದ್ದೀನಿ. ಹುಡುಕಬ್ಯಾಡ.” ಆಮೇಲೆ ಸ್ವಿಚ್ ಆಫ್.

ಗಂಗಾ ನನ್ನೆದುರು ಅಳಲಿಲ್ಲ.

“ಅವ ತಿರುಗಿ ಬರೋದು ಬ್ಯಾಡ್ರಿ. ಆಕಿ ಯಾರು ಅನ್ನೋದು ನಂಗ ಗೊತ್ತಾಗಬೇಕು. ಅಷ್ಟ.”

ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದಿನ ಈ ಲಾಡ್ಜಿನಲ್ಲಿ ಅಂಬಣ್ಣ ಸಿಕ್ಕ. ಸಿಟಿಯ ನಡುವೆ ಇದಕ್ಕಿಂತ ಅಗ್ಗದ ಜಾಗ ಕಷ್ಟ. ತೊಳೆದ ಬೆಡ್‌ಶೀಟು, ಬಕೆಟ್ಟಿನಲ್ಲಿ ಬಿಸಿನೀರು. ಕಿಟಕಿ ತೆರೆದರೆ ಊರಿನ ಎಲ್ಲ ಮೂಲೆಗಳಿಗೂ ಹೊರಡುವ ಬಸ್ಸುಗಳು. ಕೆ.ಆರ್. ಪುರದ ಬಸ್ಸೂ ಅಲ್ಲೇ ನಿಲ್ಲುತ್ತಿತ್ತು. ಅವನು ದಿನವೂ ನೋಡುತ್ತಿದ್ದ. ಹತ್ತುತ್ತಿರಲಿಲ್ಲ.

ಒಳಗೆ ಹೋದಾಗ ನಾನು ಹೆಣ್ಣಿನ ಗುರುತಿಗಾಗಿ ಕಣ್ಣಾಡಿಸಿದೆ. ಒಂದು ದಿಂಬು. ಒಂದು ಟವೆಲ್. ಒಂದು ತಟ್ಟೆ.

“ಗಂಗಾ ಕಳಿಸಿದಳು,” ಎಂದೆ.

ಅವನು ಕೇಳಿದ ಮೊದಲ ಮಾತು: “ಆಕಿ ಹೊತ್ತಿಗೆ ಸರಿಯಾಗಿ ಉಣ್ತಾಳೇನ್ರಿ ಅಕ್ಕಾರ?”

ಆಮೇಲೆ ಎಲ್ಲ ಹೇಳಿದ. ಫ್ಯಾಕ್ಟರಿಯಲ್ಲಿ ಟ್ಯಾಂಕು ತೊಳೆಯಲು ಇಳಿದ ಕೂಲಿಯವನೊಬ್ಬ ಮೇಲೆ ಬರಲಿಲ್ಲ. ಲೇಬರ್ ಕಾಂಟ್ರಾಕ್ಟರ್ ದುರ್ಗೇಶ ಹೆಣವನ್ನು ಟೆಂಪೋದಲ್ಲಿ ಹಾಕಿಸಿದ. ಆಳು ಕೆಲಸ ಬಿಟ್ಟು ಓಡಿಹೋದ ಎಂದು ಸುದ್ದಿ ಹಬ್ಬಿಸಿದ. ಗೇಟು ತೆರೆದವನು ಅಂಬಣ್ಣ. ಟೆಂಪೋದ ಟಾರ್ಪಾಲಿನಿಂದ ಹೊರಗೆ ಚಾಚಿದ ಕಾಲನ್ನು ನೋಡಿದವನೂ ಅವನೇ. ಇವತ್ತು ಮಧ್ಯಾಹ್ನ ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ. ಇಲ್ಲಿಂದ ಕೋರ್ಟಿಗೆ ನಡೆದೇ ಹೋಗಬಹುದು. ಅದಕ್ಕೇ ಈ ಲಾಡ್ಜು.

“ಗಂಗಾಗೆ ಯಾಕೆ ಸುಳ್ಳು ಹೇಳಿದೆ?”

“ಅವರು ಆಕಿನ್ನ ಕೇಳೇ ಕೇಳ್ತಾರ್ರಿ. ನಾನು ಎಲ್ಲಿದ್ದೀನಿ ಅಂತ ಗೊತ್ತಿದ್ರ ಮುಖದಾಗ ಕಾಣ್ತದ. ಸಿಟ್ಟಿದ್ರ... ಸಿಟ್ಟಷ್ಟ ಕಾಣ್ತದ.”

ಅಷ್ಟರಲ್ಲಿ ಇಂಟರ್‌ಕಾಂ ಹೊಡೆದುಕೊಂಡಿತು. ಮ್ಯಾನೇಜರ್ ಅಸ್ಗರ್.

“ಮೇಡಂ, ದುರ್ಗೇಶ್ ಅಂತೆ, ಜನ ಕರ್ಕೊಂಡು ಮೇಲೆ ಬರ್ತಾ ಇದಾನೆ. ನನ್ನನ್ನ ತಳ್ಬಿಟ್ಟ. ಪೊಲೀಸಿಗೆ ಫೋನ್ ಮಾಡ್ತಾ ಇದೀನಿ, ಆದ್ರೆ ನೀವು ನಿಲ್ಬೇಡಿ.”

ಗಂಗಾಳ ರೂಮಿನ ಮೇಲೆ ಅವರು ಕಣ್ಣಿಟ್ಟಿದ್ದರು. ಬೆಳಿಗ್ಗೆ ಅವಳನ್ನು ನೋಡಿ ಇಲ್ಲಿಗೆ ಹೊರಟ ನನ್ನ ಸ್ಕೂಟರಿನ ಹಿಂದೆ ಬಂದಿದ್ದರು.

ಬಾಗಿಲು ಮುರಿಯಿತು. ನಾವು ಹಾರಿದೆವು.

ಗೋಡೌನಿನ ತಾರಸಿ. ಮೊಣಕಾಲು ತರಚಿತು. ಮೆಟ್ಟಿಲು, ಬಟ್ಟೆಯ ಮೂಟೆಗಳು, ಬೈಯುವ ಹಮಾಲಿಗಳು... ಗಲ್ಲಿ. ನಾನು ಅವನ ರಟ್ಟೆ ಹಿಡಿದು ಕಮರ್ಷಿಯಲ್ ಸ್ಟ್ರೀಟಿನ ಗುಂಪಿನೊಳಗೆ ನುಗ್ಗಿದೆ.

ಹಿಂದೆ ಒಬ್ಬ ಬರುತ್ತಿದ್ದ. ಒಂದು ಸೀರೆ ಅಂಗಡಿಗೆ ಹೊಕ್ಕು ಇನ್ನೊಂದು ಬಾಗಿಲಿನಿಂದ ಹೊರಬಿದ್ದೆವು. ಅವನು ತಪ್ಪಿಹೋದ. ಆಟೋ ಹತ್ತಿದೆವು. ಕಾಮರಾಜ್ ರಸ್ತೆಯಲ್ಲಿ ಟ್ರಾಫಿಕ್ ಕದಲಲಿಲ್ಲ. ಇಳಿದು ಓಡಿದೆವು.

ಕೋರ್ಟಿನ ಮೆಟ್ಟಿಲ ಮೇಲೆ ಅಂಬಣ್ಣ ಉಸಿರಿಗಾಗಿ ಬಗ್ಗಿ ನಿಂತ.

“ಮುಗಿಸಿಕೊಂಡು ಸೀದಾ ಮನಿಗೆ ಹೋಗ್ತೀನ್ರಿ ಅಕ್ಕಾರ. ಆಕಿ ಹೊಡದ್ರ ಹೊಡಸ್ಕೋತೀನಿ.”

“ಹೊಡೀತಾಳೆ. ಗ್ಯಾರಂಟಿ.”

ಅವನು ನಕ್ಕ. ನಾನು ಅವನ ನಗು ನೋಡಿದ್ದು ಅದೊಂದೇ ಸಲ.

ಒಳಗೆ ಎಲ್ಲವನ್ನೂ ಹೇಳಿದ. ಟೆಂಪೋ, ಟಾರ್ಪಾಲು, ಕಾಲು. ಹೊರಗೆ ಬಂದಾಗ ಅವನ ಹೆಗಲು ಹಗುರಾಗಿತ್ತು. ನನ್ನದೂ. ಸಾಕ್ಷಿ ಬಾಯಿ ಬಿಟ್ಟ ಮೇಲೆ ಅವನನ್ನು ಕೊಂದು ಯಾರಿಗೆ ಏನು ಲಾಭ? ಹಾಗೆಂದುಕೊಂಡೆ.

ದುರ್ಗೇಶನಿಗೆ ಲಾಭ ಬೇಕಿರಲಿಲ್ಲ.

ಗೇಟಿನ ಹೊರಗೆ ಎಳನೀರಿನ ಗಾಡಿಯ ಮರೆಯಿಂದ ಬಂದ. ಒಂದೇ ಇರಿತ, ಅಂಬಣ್ಣನ ಪಕ್ಕೆಗೆ. ನಾನು ದುರ್ಗೇಶನ ಕೈ ತಿರುಚಿ ಕೆಡವಿದೆ. ಪೊಲೀಸರು ಓಡಿ ಬಂದರು. ಅವನು ನೆಲದ ಮೇಲೆ ಬಿದ್ದುಕೊಂಡೇ ಬೈಯುತ್ತಿದ್ದ.

ಆಟೋದಲ್ಲಿ ಅಂಬಣ್ಣನ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ದುಪಟ್ಟಾವನ್ನು ಗಾಯಕ್ಕೆ ಒತ್ತಿ ಹಿಡಿದಿದ್ದೆ. ರಕ್ತ ನಿಲ್ಲುತ್ತಿರಲಿಲ್ಲ.

“ಅಕ್ಕಾರ... ಗಂಗಾಗ ನಿಜ ಹೇಳಬ್ಯಾಡ್ರಿ. ಕೆಟ್ಟವ ಸತ್ತ ಅಂತ ಆಕಿ ಅಂದ್ಕೊಳ್ಳಲಿ. ಲಗೂನ ಮರೀತಾಳ.”

“ಸುಮ್ನಿರು. ಆಸ್ಪತ್ರೆ ಬಂತು.”

ಆಸ್ಪತ್ರೆ ಬಂತು. ಅಷ್ಟರಲ್ಲಿ ಅವನಿರಲಿಲ್ಲ.

ಫೋನಿನಲ್ಲಿ ಲಾಡ್ಜಿನ ರೂಮು, ಇರಿತ ಇಷ್ಟನ್ನೇ ಹೇಳಿದ್ದೆ. ಗಂಗಾ ಸಂಜೆ ಬಂದಳು. ತಾನು ಕೆಲಸ ಮಾಡುವ ಕಂಪನಿಯ ಯೂನಿಫಾರಂನಲ್ಲೇ. ಬಿಳಿ ಬಟ್ಟೆ ಸರಿಸಿ ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು. ಹಣೆಯ ಮೇಲಿನ ಧೂಳನ್ನು ಸೆರಗಿಲ್ಲದೆ ಅಂಗೈಯಲ್ಲೇ ಒರೆಸಿದಳು. ಕಾರಿಡಾರಿನ ಬೆಂಚಿಗೆ ಬಂದು ನನ್ನ ಪಕ್ಕ ಕುಳಿತಳು.

“ಆಕಿ ಬಂದಿಲ್ಲೇನ್ರಿ?”

“ಯಾರು?”

“ಆ ರೂಮಿನಾಗ ಇವನ ಕೂಡ ಇದ್ದಾಕಿ.”

“ಯಾರೂ ಇರ್ಲಿಲ್ಲ ಗಂಗಾ. ಒಬ್ಬನೇ ಇದ್ದ. ನಿನಗೇನೂ ಆಗ್ಬಾರ್ದು ಅಂತ ಸುಳ್ಳು ಹೇಳಿದ್ದ.”

ಅವಳು ಎದ್ದು ಗಂಡನಿದ್ದ ಕೋಣೆಯ ಬಾಗಿಲವರೆಗೆ ಹೋಗಿ, ತಿರುಗಿ ಬಂದು ಕುಳಿತಳು.

“ಇರಬೇಕಿತ್ತು ನೋಡ್ರಿ ಮೇಡಂ, ಯಾರರೆ ಒಬ್ಬಾಕಿ,” ಎಂದಳು. “ಬೈಕೋತನಾದ್ರೂ ಬದುಕ್ತಿದ್ದೆ. ಈಗ ಯಾರಿಗೆ ಬೈಲಿ?”

ಆಮೇಲೆ ಅತ್ತಳು. ಇಷ್ಟು ದಿನ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು.

ಸುಳ್ಳು ಹೇಳಿಯೇ ಹೊಟ್ಟೆ ಹೊರೆಯುವವಳು ನಾನು. ಒಂದು ಸುಳ್ಳು ನಿಜವಾಗಿ ಬೇಕಾಗಿದ್ದ ದಿನ, ಬಾಯಿಗೆ ಬರಲಿಲ್ಲ.