ನಡುಗುಡ್ಡದ ಕುದುರೆಬಾಲ

ನಾಳೆ ಮಧ್ಯಾಹ್ನದೊಳಗೆ ಎನೆರೆಲ್ ತಾಲ್ಲೂಕು ಕಚೇರಿಯಲ್ಲಿ ಸಾಕ್ಷಿಗೆ ಒಂದು ಕಲ್ಲು ತೋರಿಸಬೇಕಿತ್ತು. ತೋರಿಸಿದರೆ ಗೋಬಿ ಮರುಭೂಮಿಯ ಈ ದೊಡ್ಡ ಕುಳಿ ಉಲ್ಕೆ ಬಿದ್ದು ಆದದ್ದೆಂದು ದಾಖಲಾಗುತ್ತದೆ, ಕಾನೂನಿನ ಕಾವಲು ಸಿಗುತ್ತದೆ. ಇಲ್ಲದಿದ್ದರೆ ಕುಳಿಯ ನಡುವಿನ ಗುಡ್ಡ ಗಣಿಯವರ ಪಾಲು. ಅದರ ಬುಡದಲ್ಲಿ ಚಳಿಗಾಲ ಕಳೆಯುವ ಅವಳ ಅಮ್ಮ ದುಲ್ಮಾ ಕುರಿಮಂದೆ ಹೊಡೆದುಕೊಂಡು ಬೇರೆ ನೆಲ ಹುಡುಕಬೇಕು.

ಭೂವಿಜ್ಞಾನಿ ಎನೆರೆಲ್, ದಾರಿ ತೋರಲು ಬಂದ ದುಲ್ಮಾ, ಜೀಪು ಓಡಿಸುವ ಪುರೆವ್, ಮೂವರೂ ಕುಳಿಯ ಅಂಚನ್ನೆಲ್ಲ ಜಾಲಾಡಿ ಸೋತಿದ್ದರು.

"ಇದು ಬಟ್ಟಲು ಕುಳಿ, ಅಂಚಲ್ಲೇ ಸಿಗುತ್ತೆ ಅಂತ ನೀನೇ ಅಂದೆ. ಬಟ್ಟಲಿನ ಅಂಚು ಪೂರ್ತಿ ನೆಕ್ಕಿದ್ದಾಯ್ತು ತಂಗಿ, ಒಂದು ಅಗುಳೂ ಇಲ್ಲ" ಎಂದ ಪುರೆವ್.

ಅಂಚಿನ ತುದಿಯಲ್ಲಿ ಓವೊ ಇತ್ತು. ದಾರಿಹೋಕರು ಕೈಮುಗಿದು ಒಂದೊಂದೇ ಕಲ್ಲಿಟ್ಟು ಬೆಳೆಸಿದ ಪವಿತ್ರ ರಾಶಿ. ಮೇಲೆ ನೀಲಿ ವಸ್ತ್ರಗಳು ಪಟಪಟಿಸುತ್ತಿದ್ದವು. ಅಮ್ಮನ ಹಿಂದೆ ಪ್ರದಕ್ಷಿಣೆ ಹಾಕುತ್ತಿದ್ದ ಎನೆರೆಲ್ ಗಕ್ಕನೆ ನಿಂತಳು. ರಾಶಿಯಲ್ಲೊಂದು ಬೂದು ಕಲ್ಲು. ಅದರ ಒಂದು ತುದಿಯಿಂದ ಗೆರೆಗಳು ಕುದುರೆಬಾಲದಂತೆ ಹರಡಿದ್ದವು. ಛಿದ್ರಶಂಕು! ಜ್ವಾಲಾಮುಖಿಯಿಂದ ಹುಟ್ಟುವ ಗುರುತಲ್ಲ ಅದು. ಉಲ್ಕೆಯ ಏಟು ತಿಂದ ಬಂಡೆಯದು.

"ಚೀಲಕ್ಕೆ ಹಾಕು, ಹೊರಡೋಣ" ಎಂದ ಪುರೆವ್.

"ಓವೊ ಕಲ್ಲು ಮುಟ್ಟಿದ್ರೆ ನಿನ್ನ ಜೀಪು ದಾರೀಲೇ ಮಲಗುತ್ತೆ, ನೋಡ್ಕೋ" ಎಂದು ದುಲ್ಮಾ ಗದರಿದಳು.

"ತಗೊಂಡ್ರೂ ಪ್ರಯೋಜನ ಇಲ್ಲಣ್ಣ. ಯಾರೋ ಹೊತ್ತು ತಂದ ಕಲ್ಲು ಸಾಕ್ಷಿ ಆಗಲ್ಲ. ನೆಲದ ಬಂಡೆಯಲ್ಲೇ ಇರೋದನ್ನ ತೋರಿಸ್ಬೇಕು."

"ಯಾರೋ ಏನು, ನಾನೇ ತಂದದ್ದು" ಎಂದಳು ದುಲ್ಮಾ. "ಚಿಕ್ಕವಳಿದ್ದಾಗ ನಿನಗೆ ಮೈ ಸುಡೋ ಜ್ವರ ಬಂದಿತ್ತಲ್ಲ, ಆಗ ಹರಕೆ ಹೊತ್ತು ನಡುಗುಡ್ಡದ ಸೀಳಿನಿಂದ ತಂದಿಟ್ಟೆ."

ಎನೆರೆಲ್ ಹಣೆ ಚಚ್ಚಿಕೊಂಡಳು. ಸಣ್ಣ ಕುಳಿಗಳು ಮಾತ್ರ ಬಟ್ಟಲು. ದೊಡ್ಡ ಏಟು ಬಿದ್ದಲ್ಲಿ ತಳದ ಬಂಡೆ ಪುಟಿದೆದ್ದು ನಡುವೆ ಗುಡ್ಡವಾಗಿ ನಿಲ್ಲುತ್ತದೆ. ಅದು ಸಂಕೀರ್ಣ ಕುಳಿ; ಏಟಿನ ಗುರುತು ಸಿಗುವುದು ಆ ಗುಡ್ಡದಲ್ಲೇ. ಇದನ್ನು ಎಷ್ಟೋ ಜನಕ್ಕೆ ಪಾಠ ಹೇಳಿದವಳು ಅವಳು. ಆದರೆ ತಾನು ಹುಟ್ಟಿ ಬೆಳೆದ ಗುಡ್ಡವಾದ್ದರಿಂದ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ.

"ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಳಂತೆ" ಎಂದು ಅಮ್ಮ ನಕ್ಕಳು.

ಜೀಪು ಗುಡ್ಡ ಮುಟ್ಟುವಷ್ಟರಲ್ಲಿ ಪಡುವಣ ದಿಕ್ಕು ಕೆಂಪಾಯಿತು. ಧೂಳುಗಾಳಿ.

"ವಾಪಸ್ ಹೋಗೋಣ" ಎಂದ ಪುರೆವ್.

"ಹೋದ್ರೆ ನಾಳೆ ಏನು ತೋರಿಸ್ಲಿ? ಹಗ್ಗ ಕೊಡಣ್ಣ."

ಹಗ್ಗದ ಒಂದು ತುದಿ ಜೀಪಿಗೆ, ಇನ್ನೊಂದು ಅವಳ ಸೊಂಟಕ್ಕೆ. ಎನೆರೆಲ್ ಸೀಳಿಗೆ ಇಳಿದಳು.

ಗಾಳಿ ಮೊರೆಯಿತು. ಕಣ್ಣು ಮುಚ್ಚಿಹೋಯಿತು. ಬಂಡೆಯನ್ನು ಬೆರಳಿನಿಂದಲೇ ತಡಕಿದಳು. ನುಣುಪು. ಮತ್ತೂ ನುಣುಪು. ಆಮೇಲೆ ಗೆರೆ, ಪಕ್ಕದಲ್ಲಿ ಇನ್ನೊಂದು, ಗೋಡೆಯ ತುಂಬ ಗೆರೆ.

ಗಾಳಿಗೆ ಮೈ ಅಡ್ಡ ಹಿಡಿದು ಫೋಟೋ ತೆಗೆದಳು. ಸುತ್ತಿಗೆ ಬೀಸಿ ಒಂದು ತುಂಡು ಬಿಡಿಸುತ್ತಲೇ ಕಾಲಡಿಯ ಮರಳು ಜಾರಿತು.

"ಎಳೀರಿ!"

ಹಗ್ಗ ಬಿಗಿಯಾಯಿತು. ಮೊಣಕಾಲು ತರಚಿದವು, ಸುತ್ತಿಗೆ ಕೆಳಗೆ ಬಿತ್ತು. ಅವಳು ಕಲ್ಲು ಬಿಡಲಿಲ್ಲ. ಮೇಲೆ ಬಂದಾಗ ಅಮ್ಮ ಅವಳ ತಲೆಯನ್ನು ಎದೆಗೊತ್ತಿ ಹಿಡಿದುಕೊಂಡಳು, ಗಾಳಿ ಇಳಿಯುವ ತನಕ.

ಮರುದಿನ ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿ ಕಲ್ಲನ್ನೂ ಫೋಟೋವನ್ನೂ ಬಹಳ ಹೊತ್ತು ನೋಡಿದರು. ಕುಳಿಯ ಹೆಸರಿನ ಮುಂದಿದ್ದ 'ಶಂಕಿತ' ಎಂಬುದನ್ನು ಹೊಡೆದುಹಾಕಿ 'ಖಚಿತ, ಸಂಕೀರ್ಣ' ಎಂದು ಬರೆದರು. ಗಣಿ ಅರ್ಜಿ ಬದಿಗೆ ಹೋಯಿತು.

ಹೊರಗೆ ಜೀಪಿನ ನೆರಳಲ್ಲಿ ದುಲ್ಮಾ ಫ್ಲಾಸ್ಕಿನಿಂದ ಉಪ್ಪು ಚಹಾ ಬಗ್ಗಿಸುತ್ತಿದ್ದಳು. "ಈ ಚಳಿಗಾಲಕ್ಕೆ ಎಲ್ಲಿ ಡೇರೆ ಹಾಕ್ಲಿ?"

"ಹಳೇ ಜಾಗದಲ್ಲೇ, ಅಮ್ಮ."

ದುಲ್ಮಾ ಮಗಳ ಬಟ್ಟಲು ತುಂಬಿ ಹೊರಚೆಲ್ಲಿದರೂ ಚಹಾ ಸುರಿಯುತ್ತಲೇ ಇದ್ದಳು.