ಆಲೆಮನೆಯ ಬೆಂಕಿಗೆ ಜಪಾನಿ ಸವತಿ

ನನ್ನ ಕತ್ತಿನ ಮೇಲೆ ಮಚ್ಚು!

ಹಿಡಿದವರು ಅರವತ್ತು ದಾಟಿದ ಅನಸೂಯಮ್ಮ. ದಂಡಿಗನಹಳ್ಳಿಯ ಚನ್ನಪ್ಪನವರ ಹೆಂಡತಿ. ಅಂದರೆ... ನನ್ನ ಕ್ಲೈಂಟಿನ ಹೆಂಡತಿ!

"ಯಾರೇ ನೀನು? ಆ ಮುದ್ಕ ಕಳ್ಸುದ್ನಾ?"

"ಪತ್ತೇದಾರಿ ರಂಜಿತಾ. ಹಾಸನ. ಆ ಚಿತ್ರ ಕೊಟ್ಬಿಡಿ ಅಮ್ಮಾ..."

"ಚಿತ್ರ ಅಲ್ಲ ಕಣೇ, ಸವತಿ! ಬೆಳಗಾದ್ರೆ ಅವಳ್ನೇ ನೋಡ್ತಾ ಕುಂತ್ಕತಾನೆ. ನಿಟ್ಟುಸ್ರು ಬ್ಯಾರೆ!"

ಸವತಿಯ ವಯಸ್ಸು ಮುನ್ನೂರು! ಜಪಾನಿನ ಹಳೇ ಪ್ರಿಂಟು, ನೋಡಿದರೆ ಬಳುಕಿ ನಿಂತ ಹೆಣ್ಣು. ಮರದ ಅಚ್ಚಿನ ಕಪ್ಪು ಗೆರೆ, ಮೇಲೆ ಕುಂಚದಲ್ಲಿ ಹಚ್ಚಿದ ಕಿತ್ತಳೆ ಬಣ್ಣ. ಜಪಾನಿ ಎಂಜಿನಿಯರ್ ಗೆಳೆಯನೊಬ್ಬ ತನ್ನ ದೇಶಕ್ಕೆ ಹೊರಡುವಾಗ ಚನ್ನಪ್ಪನವರಿಗೆ ಕೊಟ್ಟದ್ದು. ಅದು ಮನೆಯಿಂದ ಕಾಣೆಯಾಗಿದೆ ಅಂತಲೇ ಅವರು ನನ್ನನ್ನು ಕರೆಸಿದ್ದು.

ನಾನು ಥಟ್ಟನೆ ಬಗ್ಗಿದೆ. ಬೀಸಿದ ಮಚ್ಚು ತೆಂಗಿನ ಮರಕ್ಕೆ ಕಚ್ಚಿಕೊಂಡಿತು. ಎದ್ದು ನೋಡಿದರೆ ಅನಸೂಯಮ್ಮ ಆಗಲೇ ಸ್ಕೂಟಿ ಮೇಲೆ! ಸೊಂಟದಲ್ಲಿ ಚಿತ್ರದ ಸುರುಳಿ!

ಬುಲೆಟ್ ಕಿಕ್ ಹೊಡೆದೆ.

ಚನ್ನರಾಯಪಟ್ಟಣದ ರಸ್ತೆ. ಎದುರಿಗೆ ಹಾಲಿನ ವ್ಯಾನು... ನಾನು ಬ್ರೇಕ್ ಒತ್ತಿದೆ. ಅಮ್ಮ ಒತ್ತಲಿಲ್ಲ! ಮಿರರ್‌ನಲ್ಲಿ ನನ್ನನ್ನು ನೋಡಿ ನಕ್ಕರು. ಎಡಕ್ಕೆ ತಿರುಗಿ ಆಲೆಮನೆಗೆ ನುಗ್ಗಿದರು.

ಕೊಪ್ಪರಿಗೆಯಲ್ಲಿ ಪಾಕ ಕೊತಕೊತ. ಕೆಳಗೆ ಬೆಂಕಿ ಧಗಧಗ. ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ದ್ಯಾವಯ್ಯ ಕೂಗಿದ:

"ಆಚೆಗೆ ಓಗಕ್ಕಾ! ಪಾಕ ಸೀದೋಯ್ತದೆ!"

ಅಮ್ಮನ ಕೈಯ ಸುರುಳಿ ಒಲೆಯ ಬಾಯಿಗೆ ಗೇಣು ದೂರದಲ್ಲಿತ್ತು.

"ಅಮ್ಮಾ! ಅದು ಹೆಂಗಸಲ್ಲ!"

"ಇನ್ನೇನು, ಮಂಗನಾ?"

"ಗಂಡಸು! ನಾಟಕದವನು! ಹೆಣ್ಣುವೇಷ!"

ಕೈ ನಿಂತಿತು.

"ಹಣೆ ಮೇಲಿನ ಬಟ್ಟೆ ನೋಡಿ. ಆಗ ಅಲ್ಲಿ ಹೆಂಗಸರು ಸ್ಟೇಜ್ ಹತ್ತೋ ಹಾಗಿರಲಿಲ್ಲ. ಆ್ಯಕ್ಟರುಗಳು ಮುಂದಲೆ ಬೋಳಿಸಬೇಕು ಅಂತ ಸರ್ಕಾರದ ಆರ್ಡರ್! ಆ ಬೋಳು ಮುಚ್ಚೋಕೆ ಬಟ್ಟೆ. ನಿಮ್ಮ ಯಜಮಾನ್ರೇ ಹೇಳಿದ್ದು!"

"ನನ್ಗ್ಯಾಕೆ ಏಳ್ಲಿಲ್ಲ?"

"ನೀವು ಕೇಳ್ಲಿಲ್ವಂತೆ..."

ಅನಸೂಯಮ್ಮ ಸುರುಳಿ ಬಿಚ್ಚಿದರು. ಮೊದಲ ಸಲ ಸರಿಯಾಗಿ ನೋಡಿದರು. ಕೆನ್ನೆ ಕೆಂಪಾಯಿತು... ಬೆಂಕಿಯ ಝಳಕ್ಕಂತೂ ಅಲ್ಲ!

"ಅಯ್ ಇವ್ನ! ಎಂಗ್ ನಿಂತವ್ನೆ ನೋಡು! ನಮ್ಮನೆಯೋರ್ಗೆ ಇಂಗ್ ನಿಂತ್ಕಳಕ್ ಬತ್ತದಾ?"

ಚಿತ್ರ ಮನೆ ಸೇರಿತು. ಕೇಸ್ ಕ್ಲೋಸ್ ಅಂದುಕೊಂಡೆ.

ವಾರ ಕಳೆದಿರಲಿಲ್ಲ, ಚನ್ನಪ್ಪನವರ ಫೋನ್.

"ರಂಜಿತಮ್ಮಾ, ಅವ್ನುನ್ನ ತನ್ ರೂಮ್ನಾಗೆ ನೇತಾಕ್ಕಂಡವ್ಳೆ! ಬಾಗ್ಲು ಆಕ್ಕಂಡು ನೋಡ್ತಾ ಕುಂತಿರ್ತಾಳೆ. ನನ್ ಕಾಪಿ ಕೇಳೋರೇ ಇಲ್ಲ ಕಣಮ್ಮಾ! ಏನಾರ ಮಾಡು!"

"ಸಾರ್, ಕಳೆದುಹೋದ ಚಿತ್ರ ಹುಡುಕಿಕೊಟ್ಟೆ. ಮನೆಯೊಳಗೇ ಕಳೆದುಹೋದ ಹೆಂಡ್ತೀನ ನೀವೇ ಹುಡುಕ್ಕೊಳ್ಳಿ!"