ಬಾವಿಯ ಮುಚ್ಚಳ

ನದಿದಂಡೆಯ ಕಾರ್ಖಾನೆಯಲ್ಲಿ ಅಪ್ಪ ಮರದ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಟಾರೆಣ್ಣೆ ಕುಡಿಸುತ್ತಿದ್ದರು. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳುವರು: ಎಣ್ಣೆ ಹಿಡಿದ ಮರ ದಬ್ ಎನ್ನುತ್ತದೆ, ಹಿಡಿಯದ್ದು ಟಣ್ ಎನ್ನುತ್ತದೆ. ಅಪ್ಪ ತೀರಿಹೋದರು, ಕಾರ್ಖಾನೆ ಮುಚ್ಚಿತು, ಎಣ್ಣೆ ಮಾತ್ರ ನೆಲದೊಳಗೇ ಹರಿದು ನಮ್ಮ ಬಾವಿಗೆ ಬಂತು.

ಸರ್ಕಾರದವರು ಕಪ್ಪು ಮಣ್ಣನ್ನೆಲ್ಲ ಅಗೆದು ಸಾಗಿಸಿದ ಮೇಲೆ, ನೀರು ಶುದ್ಧವಾಗಿದೆ ಎಂದರು. ಹೆಂಡತಿ ನಂಬಲಿಲ್ಲ. "ಅವರ ಮಾತು ಕೇಳ್ಕೊಂಡು ಮಗೂಗೆ ಇದನ್ನ ಕುಡಿಸ್ಲಾ?"

ಆಗಲೇ, ಉರಿಬಿಸಿಲಿನಲ್ಲಿ, ಬಾವಿಯ ಹೊಸ ಮರದ ಮುಚ್ಚಳವನ್ನು ಯಾರೋ ಒಳಗಿನಿಂದ ತಟ್ಟಿದರು. ಟಣ್. ಸ್ವಲ್ಪ ತಡೆದು, ಮತ್ತೆ ಟಣ್. ನಾನು ಮಗುವನ್ನು ಎತ್ತಿಕೊಂಡು ಹಿಂದೆ ಸರಿದೆ.

ಅಮ್ಮನ ಮುಖ ಮಾತ್ರ ಅರಳಿತು. "ಸದ್ಯ! ನಿಮ್ಮಪ್ಪನೇ ನೋಡಿ ಹೇಳಿದ್ರಲ್ಲ, ನೀರಲ್ಲಿ ಎಣ್ಣೆ ಇಲ್ಲ ಅಂತ. ಇನ್ನು ಧೈರ್ಯವಾಗಿ ಕುಡೀರಿ."

ಆ ನೀರು ಕುಡಿದೇ ಮಗಳು ಗುಂಡುಗುಂಡಾಗಿದ್ದಾಳೆ, ಹಲ್ಲೂ ಬಂದಿದೆ. ಮುಚ್ಚಳದ ಒಳಮೈಯಲ್ಲಿ ಅಂದು ಮೂಡಿದ ಗೆಣ್ಣಿನ ಕಪ್ಪು ಗುರುತು ಇನ್ನೂ ಒಣಗಿಲ್ಲ.